ಸೊನ್ನೆ, ಕಾಮಾ, ನಂತರ 172222

ವಿನೋಬನಗರ, ಶಿವಮೊಗ್ಗ

ಪ್ರೀತಿಯ ಅಕ್ಕನವರಿಗೆ,

ಭದ್ರಾವತಿಯಲ್ಲಿ ನೀವೂ ಭಾವನವರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಕಾಗದ, ಅದರೊಳಗೆ ಮಡಿಸಿಟ್ಟ ಹಳೇ ಚೀಟಿಯ ಜೆರಾಕ್ಸು ಎರಡೂ ತಲುಪಿದವು. ನಾನು ಬರೆದದ್ದನ್ನು ಓದಿ ಕಾಗದ ಹಾಕುವವರೇ ಈಗ ಕಮ್ಮಿ. ಕಾಗದದ ಜೊತೆ ಸಾಕ್ಷಿಯನ್ನೂ ಲಗತ್ತಿಸಿದವರು ನೀವೊಬ್ಬರೇ.

ನೀವು ಕೇಳಿದ್ದು ಎರಡು. ಅಟ್ಟದ ಟ್ರಂಕಿನಲ್ಲಿ ಸಿಕ್ಕಿದ ಮೋಡೆಮ್ ಈಗಿನ ಫೈಬರ್ ಕನೆಕ್ಷನ್ನಿಗೆ ಹೊಂದುತ್ತದೆಯೇ ಅನ್ನುವುದು ಒಂದು. ಇನ್ನೊಂದು ಇಪ್ಪತ್ತು ವರ್ಷ ದಾಟಿದರೂ ಇತ್ಯರ್ಥವಾಗದ ಮನೆಜಗಳ. ನಿಮ್ಮ ತಮ್ಮ ಅಮೆರಿಕದಿಂದ ತಂದುಕೊಟ್ಟ 56ಕೆ ಮೋಡೆಮ್ ನಿಮ್ಮ ಕ್ವಾರ್ಟರ್ಸಿನಲ್ಲಿ ಸೆಕೆಂಡಿಗೆ 31,200 ಬಿಟ್‌ಗಳ ಮೇಲೆ ಹತ್ತಲೇ ಇಲ್ಲ. ಅದೇ ಹೊತ್ತಿಗೆ ಶಿವಮೊಗ್ಗದಲ್ಲಿ ನಿಮ್ಮ ತಂಗಿಯ ಮಗ ಅಗ್ಗದ ಮೋಡೆಮ್ ಹಾಕಿಸಿಕೊಂಡು 46,667 ತೋರಿಸಿ ಮೀಸೆ ತಿರುವುತ್ತಿದ್ದ. ನಿಮ್ಮ ಮಗ ಮೋಡೆಮ್ಮನ್ನು ಬೈದ, ನೀವು ಇಂಟರ್ನೆಟ್ ಕೊಟ್ಟವರನ್ನು ಬೈದಿರಿ, ಭಾವನವರು ಇಬ್ಬರನ್ನೂ ಬೈದು ಬಿಲ್ಲು ಕಟ್ಟಿದರು. ತಪ್ಪು ಯಾರದು ಅಂತ ನನ್ನನ್ನು ಪಂಚಾಯ್ತಿಗೆ ಕೂರಿಸಿದ್ದೀರಿ.

ನನಗೆ ಖುಷಿಯೇ ಆಯಿತು. ಆ ಕಾಲದಲ್ಲಿ ನಾನು ದುರ್ಗಿಗುಡಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೂರುತ್ತಿದ್ದವನು. ಬರುವ ಗಿರಾಕಿಗಳಲ್ಲಿ ಅರ್ಧದಷ್ಟು ಜನರ ದೂರು ಇದೇ: ‘ಡಬ್ಬದ ಮೇಲೆ ಐವತ್ತಾರು ಅಂತಿದೆ, ಅರ್ಧವೂ ಬರ್ತಿಲ್ಲ, ವಾಪಸ್ ತಗೊಳ್ರಿ.’ ಅವರಿಗೆಲ್ಲ ಚೀಟಿ ತನ್ನಿ ಅಂದಿದ್ದರೆ ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತಿತ್ತು. ನಿಮ್ಮ ಪ್ರಕರಣವಂತೂ ಚೀಟಿಯಲ್ಲೇ ಮುಗಿದಿದೆ. ಮೋಡೆಮ್ ನಿರಪರಾಧಿ, ಇಂಟರ್ನೆಟ್ ಕೊಟ್ಟವರೂ ನಿರಪರಾಧಿಗಳು.

ಮೊದಲು ನೀವು ನೆನಪಿಟ್ಟುಕೊಂಡ ಆ ಎರಡು ಸಂಖ್ಯೆ ನೋಡಿ. ಬೇರೆಯವರಾಗಿದ್ದರೆ ‘ಮೂವತ್ತು ಚಿಲ್ಲರೆ’, ‘ನಲವತ್ತು ಚಿಲ್ಲರೆ’ ಅನ್ನುತ್ತಿದ್ದರು. ನೀವು ಲೆಕ್ಕದ ಟೀಚರ್ ಆಗಿದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು. ಮೋಡೆಮ್‌ಗಳು ಬಾಯಿಗೆ ಬಂದ ವೇಗದಲ್ಲಿ ಓಡುವುದಿಲ್ಲ, ಅವಕ್ಕೆ ಮೆಟ್ಟಿಲುಗಳಿವೆ. 1994ರಲ್ಲಿ ಬಂದ ವಿ.34 ಅನ್ನುವ ಮಾನಕದಲ್ಲಿ ಒಂದೊಂದು ಮೆಟ್ಟಿಲು 2,400ರದ್ದು: 26,400, 28,800, 31,200, ಕೊನೆಗೆ 33,600. 1998ರ ವಿ.90 ಮಾನಕದಲ್ಲಿ ಮೆಟ್ಟಿಲು 8,000ವನ್ನು 6ರಿಂದ ಭಾಗಿಸಿದಷ್ಟು, ಅಂದರೆ 1,333 ಚಿಲ್ಲರೆ: 44,000, 45,333, 46,667, 48,000, ಹೀಗೆ. 31,200 ಅನ್ನುವ ಮೆಟ್ಟಿಲು ವಿ.90ರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ನಿಮ್ಮ ಮೋಡೆಮ್ 56ಕೆ ದಾರಿಯಲ್ಲಿ ಹೊರಟು ನಡುವೆ ಸುಸ್ತಾದದ್ದಲ್ಲ. ಆ ದಾರಿಗೆ ಕಾಲೇ ಇಡದೆ ಹಳೇ ವಿ.34ರಲ್ಲಿ ಕೂತುಬಿಟ್ಟಿತ್ತು, ಅದೂ ಮೇಲಿನಿಂದ ಎರಡನೇ ಮೆಟ್ಟಿಲಲ್ಲಿ. ಹಳೇ ಮಾನಕದ ಲೆಕ್ಕಕ್ಕೆ ಅದು ಬಹಳ ಒಳ್ಳೆಯ ಅಂಕ. ಲೈನು ಕರಕರ ಅನ್ನುತ್ತಿದ್ದರೆ, ಡಿಪಿ ಬಾಕ್ಸಿಗೆ ಮಳೆನೀರು ಇಳಿದಿದ್ದರೆ, ಜಾಯಿಂಟು ಹಸಿರು ಹಿಡಿದಿದ್ದರೆ 31,200 ಸಿಗುತ್ತಲೇ ಇರಲಿಲ್ಲ. ಹಾಗಾಗಿ ಲೈನ್‌ಮನ್ನನ್ನೂ ಬಿಟ್ಟುಬಿಡಿ, ಪಾಪ.

ಹಾಗಾದರೆ ಆ ದಾರಿಗೆ ಕಾಲಿಡಲು ಅಡ್ಡ ಬಂದದ್ದು ಏನು? ಈಗ ಚೀಟಿಗೆ ಬನ್ನಿ. ನಿಮ್ಮ ಮಗನ ದುಂಡು ಅಕ್ಷರದಲ್ಲಿದೆ: ಸೊನ್ನೆ, ಒಂದು ಕಾಮಾ, ಆಮೇಲೆ 172222. ಕೆಳಗೆ ‘ಎಕ್ಸ್3 ಮರೆಯಬೇಡ’.

172222 ಆಗಿನ ಬಿಎಸ್‌ಎನ್‌ಎಲ್ ಇಂಟರ್ನೆಟ್ ಸೇವೆಯಾದ ಸಂಚಾರ್‌ನೆಟ್‌ನ ಸಂಖ್ಯೆ, ಅದು ಎಲ್ಲರಿಗೂ ಒಂದೇ. ಕಾಮಾ ಅಂದರೆ ‘ಒಂದೆರಡು ಸೆಕೆಂಡು ತಡೆ’ ಅಂತ ಮೋಡೆಮ್‌ಗೆ ಹೇಳುವುದು. ಯಾಕೆ ತಡೆಯಬೇಕು? ಸೊನ್ನೆ ಒತ್ತಿದ ಮೇಲೆ ಹೊರಗಿನ ಲೈನ್ ಸಿಗಲಿ ಅಂತ. ಮನೆಯ ಫೋನಿನಿಂದ ಹೊರಗೆ ಮಾತಾಡಲು ಮೊದಲು ಸೊನ್ನೆ ಒತ್ತಬೇಕು ಅಂದರೆ ಆ ಫೋನು ಊರಿನ ಎಕ್ಸ್‌ಚೇಂಜಿಗೆ ನೇರವಾಗಿ ಸೇರಿದ್ದಲ್ಲ. ನೀವಿದ್ದದ್ದು ಕಾರ್ಖಾನೆಯ ಕ್ವಾರ್ಟರ್ಸು. ನಡುವೆ ಒಂದು ಒಳ ಎಕ್ಸ್‌ಚೇಂಜು ಕೂತಿತ್ತು, ಕಚೇರಿಗಳಲ್ಲಿ ಇಪಿಎಬಿಎಕ್ಸ್ ಅನ್ನುತ್ತಾರಲ್ಲ, ಅದು. ಅಡ್ಡ ನಿಂತದ್ದು ಅದೇ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೋರ್ಡು ನಿಮ್ಮದು, ಸೀಮೆಸುಣ್ಣ ನನ್ನದು ಅಂದುಕೊಳ್ಳಿ. ಡಿಜಿಟಲ್ ಎಕ್ಸ್‌ಚೇಂಜು ತಂತಿಯಲ್ಲಿ ಬಂದ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಒಂದೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತದೆ. ಗುಣಿಸಿದರೆ 64,000. ಅದರಲ್ಲಿ ಒಂದು ಬಿಟ್ಟನ್ನು ಗದ್ದಲಕ್ಕೆ ಅಂತ ಬಿಟ್ಟುಕೊಟ್ಟರೆ ಉಳಿದದ್ದು 7, ಗುಣಿಸಿದರೆ 56,000. ಡಬ್ಬದ ಮೇಲಿನ ಸಂಖ್ಯೆ ಬಂದದ್ದು ಹೀಗೆ. ಆದರೆ ಇದಕ್ಕೊಂದು ಷರತ್ತಿದೆ. ಇಂಟರ್ನೆಟ್ ಕಂಪನಿ ತನ್ನ ಕಡೆಯಿಂದ ಬಿಟ್‌ಗಳನ್ನು ನೇರವಾಗಿ ಡಿಜಿಟಲ್ ಲೈನಿಗೇ ಹಾಕಬೇಕು. ಅವು ದಾರಿಯುದ್ದಕ್ಕೂ ಬಿಟ್‌ಗಳಾಗಿಯೇ ಬಂದು, ಕೊನೆಯಲ್ಲಿ ನಿಮ್ಮ ಮನೆಗೆ ತಂತಿ ಹೊರಡುವ ಜಾಗದಲ್ಲಿ ಒಂದೇ ಒಂದು ಸಲ ದನಿಯಾಗಿ ಬದಲಾಗಬೇಕು. ಆಗ ಮೋಡೆಮ್ ಆ ದನಿಯ ಮಟ್ಟಗಳನ್ನು ಕೇಳಿ ‘ಇದು ಇಂಥ ಅಳತೆ’ ಅಂತ ಗುರುತಿಸುತ್ತದೆ. ನಿಮ್ಮಲ್ಲಿ ಊರಿನ ಎಕ್ಸ್‌ಚೇಂಜಿನಿಂದ ದನಿಯಾಗಿ ಹೊರಟದ್ದು ಒಳ ಎಕ್ಸ್‌ಚೇಂಜಿನಲ್ಲಿ ಮತ್ತೆ ಬಿಟ್ ಆಗಿ, ಮತ್ತೆ ದನಿಯಾಗಿ, ಆಮೇಲೆ ನಿಮ್ಮ ಹಾಲಿಗೆ ಬರುತ್ತಿತ್ತು. ಎರಡನೇ ಸಲ ಅಳೆಯುವಾಗ ಮೊದಲಿನ ಮಟ್ಟಗಳು ಒಂದಿಷ್ಟು ಅತ್ತಿತ್ತ ಸರಿಯುತ್ತವೆ. ಮಾತಾಡುವ ಮನುಷ್ಯರಿಗೆ ಅದು ಗೊತ್ತೇ ಆಗುವುದಿಲ್ಲ, ವಿ.90ಕ್ಕೆ ಮಾತ್ರ ಅಲ್ಲಿಗೆ ಮುಗಿಯಿತು. ತಂಗಿಯ ಮನೆಯ ಲೈನು ನೇರವಾಗಿತ್ತು, ಹಾಗಾಗಿ ಅಗ್ಗದ ಮೋಡೆಮ್ಮೂ ಓಡಿತು.

ಇದೆಲ್ಲ ಗೊತ್ತಾಗುತ್ತಿದ್ದದ್ದು ಆ ಕಿರುಚಾಟದಲ್ಲಿ. ಮಧ್ಯರಾತ್ರಿ ಹಾಲಿನಿಂದ ಬರುತ್ತಿದ್ದ ಆ ಸದ್ದಿಗೆ ನೀವು ಎದ್ದು ಕೂರುತ್ತಿದ್ದಿರಂತೆ. ಮೊದಲು ಡಯಲ್ ಮಾಡಿದ ಪೀಪೀ. ಆಚೆಯವರು ಎತ್ತಿದಾಗ 2,100 ಹರ್ಟ್ಸ್‌ನ ಉದ್ದ ಸೀಟಿ. ಟೆಲಿಫೋನ್ ಜಾಲದಲ್ಲಿ ಪ್ರತಿಧ್ವನಿ ತಡೆಯುವ ಯಂತ್ರಗಳಿಗೆ ‘ನೀವು ಸ್ವಲ್ಪ ಹೊತ್ತು ಸುಮ್ಮನಿರಿ’ ಅನ್ನುವ ಸೂಚನೆ ಅದು. ಆಮೇಲೆ ಎರಡು ಮೋಡೆಮ್‌ಗಳ ನಡುವೆ ನಡೆಯುತ್ತಿದ್ದದ್ದು ದನದ ಜಾತ್ರೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಮಾಡುವ ವ್ಯಾಪಾರದ ಹಾಗೆ: ನನಗೆ ಇಷ್ಟು ಬರುತ್ತದೆ, ನಿನಗೆ? ಇದಾಗದಿದ್ದರೆ ಅದು? ಇಬ್ಬರೂ ಲೈನನ್ನು ಬೇರೆ ಬೇರೆ ಸ್ವರದಲ್ಲಿ ತಟ್ಟಿ ನೋಡಿ, ಎಲ್ಲಿ ಕೇಳುತ್ತದೆ ಎಲ್ಲಿ ಕೇಳುವುದಿಲ್ಲ ಅಂತ ಅಳೆದು, ಇಬ್ಬರಿಗೂ ಒಪ್ಪಿಗೆಯಾಗುವ ವೇಗಕ್ಕೆ ಇಳಿಯುತ್ತಿದ್ದರು. ಒಪ್ಪಂದವಾದ ಕೂಡಲೇ ಸ್ಪೀಕರ್ ಬಾಯಿ ಮುಚ್ಚುತ್ತಿತ್ತು. ಕಿವಿ ಪಳಗಿದವರು ಕೊನೆಯ ಭಾಗದ ಸದ್ದಿನಲ್ಲೇ ವಿ.90 ಆಯಿತೋ ವಿ.34 ಆಯಿತೋ ಹೇಳಿಬಿಡುತ್ತಿದ್ದರು. ನಮ್ಮ ಅಂಗಡಿಯ ಹುಡುಗನೊಬ್ಬ ಅದರ ಮೇಲೆ ಚಹಾದ ಪಂಥ ಕಟ್ಟುತ್ತಿದ್ದ.

‘ಎಕ್ಸ್3’ ಅಂದರೇನು ಅಂತಲೂ ಕೇಳಿದ್ದೀರಿ. ಅಮೆರಿಕದ ಫೋನಿನ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಸೇರಿಸಿದ್ದು. ನಮ್ಮದು 400 ಹರ್ಟ್ಸ್ ಮೂಲದ್ದು. ಅಲ್ಲಿಂದ ಬಂದ ಮೋಡೆಮ್‌ಗೆ ನಮ್ಮ ಟೋನ್ ಕೇಳಿಸಿದರೂ ಅದು ಟೋನೇ ಅಲ್ಲ! ಪರದೆಯ ಮೇಲೆ 680ನೇ ಎರರ್ ಬರುತ್ತಿತ್ತು, ಡಯಲ್ ಟೋನ್ ಇಲ್ಲ ಅಂತ. ಜನ ಫೋನೆತ್ತಿ ಕಿವಿಗಿಟ್ಟುಕೊಂಡು ‘ಬರ್ತಿದೆಯಲ್ರೀ’ ಅನ್ನುತ್ತಿದ್ದರು. ಟೋನಿಗೆ ಕಾಯದೆ ಸುಮ್ಮನೆ ಡಯಲ್ ಮಾಡು ಅನ್ನುವ ಆಜ್ಞೆಯೇ ಎಕ್ಸ್3. ಒಳ ಎಕ್ಸ್‌ಚೇಂಜುಗಳ ಟೋನ್ ಇನ್ನೂ ಬೇರೆಯಾಗಿರುತ್ತಿದ್ದದ್ದರಿಂದ ನಿಮಗೆ ಅದು ಎರಡು ಕಾರಣಕ್ಕೂ ಬೇಕಾಗಿತ್ತು. ಎರರ್ ಸಂಖ್ಯೆಗಳು ಆಗ ನಮಗೆಲ್ಲ ಬಾಯಿಪಾಠ: 676 ಅಂದರೆ ಲೈನ್ ಎಂಗೇಜು, 678 ಅಂದರೆ ಆಚೆ ಉತ್ತರವಿಲ್ಲ, 691 ಅಂದರೆ ಹೆಸರೋ ಪಾಸ್‌ವರ್ಡೋ ತಪ್ಪು. ರಾತ್ರಿ ಒಂಬತ್ತರ ಹೊತ್ತಿಗೆ 676 ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಇಂಟರ್ನೆಟ್ ಕೊಡುವವರ ಪರವಾಗಿ ವಾದಿಸಿದೆ ಅಂತ ತಿಳಿಯಬೇಡಿ. ಮೋಡೆಮ್ಮಿಗೂ ಕಂಪನಿಗೂ ಜಗಳ ನಿಜವಾಗಿಯೂ ಇದ್ದ ಕಾಲವೊಂದಿತ್ತು. 1997ರಲ್ಲಿ 56ಕೆ ಹೊಸದಾಗಿ ಬಂದಾಗ ಅದರಲ್ಲಿ ಎರಡು ಪಂಗಡ. ಯು.ಎಸ್. ರೋಬೊಟಿಕ್ಸ್‌ನವರದು ಎಕ್ಸ್2, ರಾಕ್‌ವೆಲ್ ಮತ್ತು ಲೂಸೆಂಟ್ ಸೇರಿ ತಂದದ್ದು ಕೆ56ಫ್ಲೆಕ್ಸ್. ಒಂದರ ಭಾಷೆ ಇನ್ನೊಂದಕ್ಕೆ ಬರದು. ನಿಮ್ಮಲ್ಲಿ ಒಂದು, ಕಂಪನಿಯಲ್ಲಿ ಇನ್ನೊಂದು ಇದ್ದರೆ ಎರಡೂ ಇಳಿದು 33,600ರ ಒಳಗೇ ಮಾತಾಡಬೇಕು. ಮೋಡೆಮ್ ಕೊಳ್ಳುವ ಮೊದಲು ‘ನಿಮ್ಮ ಕಡೆ ಯಾವುದು?’ ಅಂತ ಕಂಪನಿಗೆ ಕೇಳಬೇಕಿತ್ತು. ಫೋನ್ ಎತ್ತಿದವರಿಗೂ ಅದು ಗೊತ್ತಿರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಒಂದು ಖಾಸಗಿ ಕಂಪನಿಯ ಸಹಾಯವಾಣಿಯವರು ಯಾವ ದೂರಿಗೂ ಒಂದೇ ಔಷಧಿ ಹೇಳುತ್ತಿದ್ದರು: ‘ಮೋಡೆಮ್ ಬದಲಾಯಿಸಿ ಸಾರ್.’ ಅಂಗಡಿಯವರಿಗೆ ಅದು ಹಬ್ಬ. ಅಂತೂ ವಿ.90 ಬಂದು ಎರಡು ಪಂಗಡವನ್ನೂ ಒಂದು ಮಾಡಿತು, ಎಷ್ಟೋ ಹಳೇ ಮೋಡೆಮ್‌ಗಳಿಗೆ ಅದನ್ನು ಸಾಫ್ಟ್‌ವೇರಿನಲ್ಲೇ ತುಂಬಬಹುದಿತ್ತು.

ನಮ್ಮ ಕಡೆಗೆ ಆ ಯುದ್ಧದ ಬಿಸಿ ಅಷ್ಟಾಗಿ ತಟ್ಟಲಿಲ್ಲ, ಯಾಕೆಂದರೆ ನಾವು ತಡವಾಗಿ ಬಂದವರು. 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಶುರು ಮಾಡಿದ್ದು ಮಹಾನಗರಗಳಲ್ಲಿ. ಬೆಂಗಳೂರಿಗೆ ಬಂದಮೇಲೂ ಶಿವಮೊಗ್ಗದವರು ಅದನ್ನು ಮುಟ್ಟಬೇಕಾದರೆ ಎಸ್‌ಟಿಡಿ ಕರೆಯೇ ಗತಿ. ರಾತ್ರಿ ಹನ್ನೊಂದರ ಮೇಲೆ ಕಾಲು ದರ ಇತ್ತಲ್ಲ, ಊರಿನ ಒಂದಿಬ್ಬರು ಹುಚ್ಚರು ಆ ಹೊತ್ತಿಗೆ ಕಾದು ಬೆಂಗಳೂರಿಗೆ ಡಯಲ್ ಮಾಡುತ್ತಿದ್ದರು. ವಿದ್ಯಾರ್ಥಿಗಳ ಅಗ್ಗದ ‘ಶೆಲ್’ ಖಾತೆಯಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು, ಸತ್ಯಂ ಆನ್‌ಲೈನ್ ಮೊದಲು ಬಂತು. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಹುಟ್ಟಿದ ಮೇಲೆ ಸಂಚಾರ್‌ನೆಟ್ ನಮ್ಮಂಥ ಊರುಗಳಲ್ಲೂ ಮನೆಮಾತಾಯಿತು. 172ರಿಂದ ಶುರುವಾಗುವ ಆ ಸಂಖ್ಯೆಗೆ ಎಸ್‌ಟಿಡಿ ಕೋಡ್ ಬೇಕಿರಲಿಲ್ಲ. ಶಿವಮೊಗ್ಗದ 08182ರಿಂದಲೂ ಭದ್ರಾವತಿಯ 08282ರಿಂದಲೂ ಅದೇ ಆರು ಅಂಕಿ. ಆಮೇಲೆ 172233 ಬಂತು. ಅದಕ್ಕೆ ಖಾತೆಯೇ ಬೇಡ, ಲೆಕ್ಕ ನೇರವಾಗಿ ಫೋನ್ ಬಿಲ್ಲಿಗೆ. ಅಪ್ಪಂದಿರ ರಕ್ತದೊತ್ತಡ ಏರಿಸಿದ್ದು ಇದೇ ಇರಬೇಕು.

ಬಿಲ್ಲಿನ ಲೆಕ್ಕವನ್ನೂ ಒಮ್ಮೆ ಮಾಡಿಬಿಡಿ, ಭಾವನವರ ಸಮಾಧಾನಕ್ಕೆ. 31,200 ಅಂದರೆ ಸೆಕೆಂಡಿಗೆ ನಾಲ್ಕು ಕೆಬಿಯೊಳಗೆ. ಒಂದು ಎಂಬಿ ಇಳಿಯಲು ನಾಲ್ಕೂವರೆ ನಿಮಿಷ, ಸ್ಥಳೀಯ ಕರೆಗೆ ಮೂರು ನಿಮಿಷಕ್ಕೊಂದು ಪಲ್ಸ್ ಇದ್ದಾಗ ಎರಡು ಕರೆಯ ದುಡ್ಡು. ಆ ವೇಗದಲ್ಲಿ ಕನ್ನಡದ ಪುಟ ತೆರೆದರೆ ಮೊದಲು ಚೌಕಚೌಕ ಕಾಣಿಸಿ, ಫಾಂಟು ಬೇರೆ ಇಳಿಸಿಕೊಳ್ಳಿ ಅನ್ನುತ್ತಿತ್ತು. ಪವನಜರು 1996ರಲ್ಲೇ ‘ವಿಶ್ವಕನ್ನಡ’ ಪತ್ರಿಕೆಯನ್ನು ಅಂತರಜಾಲಕ್ಕೆ ತಂದಿದ್ದರು, 1998ರಲ್ಲಿ ‘ಬರಹ’ ತಂತ್ರಾಂಶ ಬಂತು. ನಾವು ‘ಬರಹ’ವನ್ನು ಒಬ್ಬರು ಇಳಿಸಿ ಹತ್ತಾರು ಜನ ಫ್ಲಾಪಿಯಲ್ಲಿ ಹಂಚಿಕೊಂಡದ್ದು. ಮುಕ್ಕಾಲು ಇಳಿದಾಗ ಒಳಗಿನ ಕೋಣೆಯಲ್ಲಿ ಅಮ್ಮ ಪ್ಯಾರಲಲ್ ಫೋನ್ ಎತ್ತಿ ‘ಹಲೋ’ ಅಂದರೆ ಎಲ್ಲ ಮೊದಲಿಂದ.

ಒಂದು ಮಾತು ಹೇಳಲೇಬೇಕು. ಆ ಡಿಜಿಟಲ್ ಎಕ್ಸ್‌ಚೇಂಜುಗಳೇ ಇಲ್ಲದಿದ್ದರೆ ತಂಗಿಯ ಮನೆಯ 46,667 ಕೂಡ ಇರುತ್ತಿರಲಿಲ್ಲ. ಅಮೆರಿಕದಲ್ಲೇ ಬಹಳ ಕಡೆ ಹಳೇ ಯಂತ್ರಗಳಿದ್ದ 1980ರ ದಶಕದಲ್ಲಿ ನಮ್ಮ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ಹಳ್ಳಿಗೆಂದೇ 128 ಲೈನಿನ ಡಿಜಿಟಲ್ ಎಕ್ಸ್‌ಚೇಂಜು ಮಾಡಿದರು, ಎ.ಸಿ. ಇಲ್ಲದೆ ನಡೆಯುವಂಥದ್ದು. ಅದರ ಮೊದಲನೆಯದು 1986ರಲ್ಲಿ ನಿಂತದ್ದು ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಕೋಟೆಗೆ ಹೋದವರು ಇದನ್ನೂ ಒಂದು ಮಾತು ನೆನೆಸಿಕೊಳ್ಳಬಹುದು, ಯಾರೂ ನೆನೆಸುವುದಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಫೈಬರ್ ಪೆಟ್ಟಿಗೆಯ ಇಂಟರ್ನೆಟ್ ತೂತಿಗೂ ಈ ಮೋಡೆಮ್ಮಿಗೂ ಸಂಬಂಧವೇ ಇಲ್ಲ. ಆದರೆ ಅದೇ ಪೆಟ್ಟಿಗೆಯ ಹಿಂದೆ ಹಳೇ ಫೋನ್ ಸಿಕ್ಕಿಸುವ ಸಣ್ಣ ತೂತಿದೆ, ನಿಮ್ಮ ಲ್ಯಾಂಡ್‌ಲೈನ್ ಈಗ ಅದಕ್ಕೇ ಸೇರಿರುವುದು. ಅಲ್ಲಿ ಡಯಲ್ ಟೋನ್ ಬರುತ್ತದೆ, ಮೋಡೆಮ್ ಡಯಲ್ಲೂ ಮಾಡುತ್ತದೆ. ಎತ್ತುವವರು ಬೇಕಲ್ಲ! ಅಮೆರಿಕದ ಎಒಎಲ್ ಕೂಡ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್-ಅಪ್ ನಿಲ್ಲಿಸಿತು. ನಮ್ಮಲ್ಲಿ 2005ರ ಜನವರಿಯಲ್ಲಿ ಡೇಟಾಒನ್ ಬ್ರಾಡ್‌ಬ್ಯಾಂಡ್ ಬಂದಮೇಲೆ ಜನ ಒಬ್ಬೊಬ್ಬರಾಗಿ ಜಾರಿಕೊಂಡರು.

ಎತ್ತುವವರು ಸಿಕ್ಕರೂ ಇನ್ನೊಂದು ತೊಡಕಿದೆ. ಫೈಬರಿನಲ್ಲಿ ದನಿ ಪೊಟ್ಟಣಗಳಾಗಿ ಹೋಗುತ್ತದೆ. ಒಂದು ಪೊಟ್ಟಣ ತಡವಾದರೆ ಮನುಷ್ಯರ ಮಾತಿನಲ್ಲಿ ಅಡ್ಡಿಯಿಲ್ಲ, ಮೋಡೆಮ್ ಮಾತ್ರ ಗಲಿಬಿಲಿಯಾಗಿ ಮತ್ತೆ ಮೊದಲಿಂದ ಲೈನ್ ತಟ್ಟತೊಡಗುತ್ತದೆ. ದನಿಯನ್ನು ಬಿಗಿಯಾಗಿ ಕುಗ್ಗಿಸಿ ಕಳಿಸುವ ವ್ಯವಸ್ಥೆಯಿದ್ದರಂತೂ ಏನೂ ನಡೆಯದು. ಇದಕ್ಕೆ ಮದ್ದು ವೇಗ ಇಳಿಸುವುದು. ಅಂಗಡಿಗಳಲ್ಲಿ ಫೋನ್ ಲೈನಿಗೆ ಜೋಡಿಸಿದ ಕಾರ್ಡ್ ಉಜ್ಜುವ ಮಿಷನ್ ಇತ್ತಲ್ಲ, ಅದು ಬೇಕೆಂದೇ 1,200ರಲ್ಲಿ ಮಾತಾಡುತ್ತಿತ್ತು. ಕಳಿಸಬೇಕಾದದ್ದು ನಾಲ್ಕು ಸಾಲು. ವಿ.90 ಪೀಠಿಕೆ ಹಾಕಿ ಮುಗಿಸುವಷ್ಟರಲ್ಲಿ 1,200 ಕೆಲಸ ಮುಗಿಸಿ ಫೋನ್ ಇಟ್ಟಾಗಿರುತ್ತಿತ್ತು.

ಹಾಗಾಗಿ ನನ್ನದೊಂದು ಯೋಜನೆ. ನನ್ನ ಹತ್ತಿರವೂ ಒಂದು ಹಳೇ ಮೋಡೆಮ್ ಇದೆ, ಲ್ಯಾಂಡ್‌ಲೈನೂ ಇದೆ. ಕಂಪನಿ ಇಲ್ಲದಿದ್ದರೇನು, ನಿಮ್ಮದು ನನ್ನದಕ್ಕೆ ಡಯಲ್ ಮಾಡಲಿ. ಮೋಡೆಮ್ಮಿಗೆ ಬೇಕಾದದ್ದು ಆಚೆ ಬದಿಯಲ್ಲೊಂದು ಮೋಡೆಮ್, ಅಷ್ಟೇ. ಕಂಪ್ಯೂಟರಿಗೆ ಜೋಡಿಸಲು ಯುಎಸ್‌ಬಿಯಿಂದ ಸೀರಿಯಲ್ ಪೋರ್ಟಿಗೆ ಬದಲಾಯಿಸುವ ಕೇಬಲ್ ಸಿಗುತ್ತದೆ, ಮೊಮ್ಮಗನಿಗೆ ಹೇಳಿದರೆ ತರಿಸುತ್ತಾನೆ. ಪುಟ್ಟಿ ಅನ್ನುವ ಪುಕ್ಕಟೆ ತಂತ್ರಾಂಶ ಹಾಕಿ, ಎಟಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ‘ಓಕೆ’ ಅಂದರೆ ಜೀವ ಇದೆ. ನಿಮ್ಮದು ಯು.ಎಸ್. ರೋಬೊಟಿಕ್ಸ್ ಆದ್ದರಿಂದ ಎಟಿ&ಎನ್6 ಅಂದರೆ 9,600ಕ್ಕೆ ಕಟ್ಟಿಹಾಕಿದಂತೆ, ಆಗದಿದ್ದರೆ ಎಟಿ&ಎನ್3, ಅದು 2,400. ಎಕ್ಸ್3 ಮರೆಯಬೇಡಿ, ಸೊನ್ನೆ-ಕಾಮಾ ಮಾತ್ರ ಈಗ ಬೇಡ, ನೇರ 08182 ಹಾಕಿ ನನ್ನ ಸಂಖ್ಯೆ. ಇತ್ತ ನಾನು ಎಟಿಎಸ್0=1 ಅಂತ ಕೊಟ್ಟು ಇಟ್ಟಿರುತ್ತೇನೆ, ಮೊದಲ ರಿಂಗಿಗೇ ನನ್ನದು ಎತ್ತುತ್ತದೆ. ಮುಂಭಾಗದ ಕೆಂಪು ದೀಪಗಳಲ್ಲಿ ಸಿಡಿ ಅಂತ ಬರೆದದ್ದು ಹೊತ್ತಿಕೊಂಡರೆ ಇಬ್ಬರಿಗೂ ಕೈ ಕುಲುಕಿದ ಲೆಕ್ಕ. ಆಮೇಲೆ ನೀವು ಟೈಪ್ ಮಾಡಿದ್ದು ನನ್ನ ಪರದೆಯಲ್ಲಿ ಮೂಡುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಬೇಕಾಗುತ್ತದೆ, ಆ ಕಾಲದ ಹಾಗೇ.

ಆದರೆ ಅದಕ್ಕೆ ಮೊದಲು ಅಡಾಪ್ಟರ್. ಅಮೆರಿಕದ್ದು 120 ವೋಲ್ಟಿನದು, ನಮ್ಮ 230ಕ್ಕೆ ನೇರ ಚುಚ್ಚಿದರೆ ಹೊಗೆ ಗ್ಯಾರಂಟಿ. ಆಗ ನಿಮ್ಮ ಮಗ ನಡುವೆ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟಿರಬೇಕು, ಟ್ರಂಕಿನಲ್ಲಿ ಇಟ್ಟಿಗೆಯಷ್ಟು ಭಾರದ ಕಬ್ಬಿಣದ ಪೆಟ್ಟಿಗೆ ಸಿಕ್ಕರೆ ಅದೇ. ಸಿಗದಿದ್ದರೆ ಮೊಬೈಲ್ ಅಂಗಡಿಯ ಅಡಾಪ್ಟರ್ ಹಾಕಲು ಹೋಗಬೇಡಿ. ಆ ಕಾಲದ ಎಷ್ಟೋ ಮೋಡೆಮ್‌ಗಳು ಡಿಸಿ ಅಲ್ಲ, ಎಸಿಯನ್ನೇ ಕೇಳುತ್ತವೆ. ಲೇಬಲ್ಲಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿ, ನಾನು ನೋಡಿ ಹೇಳುವವರೆಗೆ ಪ್ಲಗ್ಗು ಮುಟ್ಟಬೇಡಿ. ಗುಡುಗು-ಸಿಡಿಲಿನ ಸಂಜೆಯಂತೂ ಬೇಡವೇ ಬೇಡ. ಮಳೆಗಾಲದ ಮುಂಚಿನ ಸಿಡಿಲಿಗೆ ನಮ್ಮ ಅಂಗಡಿಯ ಬಾಗಿಲಿಗೆ ಬಂದ ಸತ್ತ ಮೋಡೆಮ್‌ಗಳನ್ನು ಗೋಣಿಚೀಲದಲ್ಲಿ ತುಂಬಿಟ್ಟಿದ್ದೆವು. ನಿಮ್ಮದು ಇಷ್ಟು ವರ್ಷ ಉಳಿದಿದೆ, ನನ್ನ ಮಾತು ಕೇಳಿ ಹೋಯಿತು ಅನ್ನುವ ಹಾಗಾಗಬಾರದು.

ಭಾವನವರಿಗೆ ನಮಸ್ಕಾರ ತಿಳಿಸಿ. ತೀರ್ಪು ಓದಿ ಹೇಳುವಾಗ ಮಗನಿಗೂ ಒಂದು ಕಾಲ್ ಮಾಡಿ, ಅವನ ಮೋಡೆಮ್ಮಿನ ಮರ್ಯಾದೆ ಉಳಿದಿದೆ.

ಇಂತಿ ನಿಮ್ಮ ತಮ್ಮನಂಥ
ಓಲೆಗಾರ